ಎದೆಹಾಲಿನ ಕೂಲರ್ ಬ್ಯಾಗ್: ವಿಜಯಪುರದ ಬೇಸಿಗೆಗೆ ತಡೆಯುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಬ್ಯಾಗ್ ಚೆನ್ನಾಗಿದೆ, ಡಬ್ಬಿ ಮೇಲೆ ಬರೆದಿರುವ ಮಾತು ಸರಿಯಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಇನ್ನೊಂದೂವರೆ ಯಾಕೆ ಕಡಿಮೆ ಮಾಡಿದೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಕೆಲಸಕ್ಕೆ ಹೋಗುವ ತಾಯಂದಿರು ಇದನ್ನು ಕೊಳ್ಳೋದು ಈಗ ಜಾಸ್ತಿಯಾಗಿದೆ, ಆದರೆ ಸಿಗುವ ರಿವ್ಯೂ ಎಲ್ಲ ಬೆಂಗಳೂರಿನ ಹವೆಗೆ ಬರೆದಂತಿವೆ.

ವಸ್ತು ಏನು ಅಂದರೆ, ಊಟದ ಡಬ್ಬಿ ಒಯ್ಯುವ ಚೀಲದಷ್ಟು ದೊಡ್ಡ ಕಪ್ಪು ಬ್ಯಾಗ್. ಒಳಗೆ ಬೆಳ್ಳಿ ಬಣ್ಣದ ಹಾಳೆ. 150 ಎಂಎಲ್‌ನ ನಾಲ್ಕು ಬಾಟಲಿ, ಅವುಗಳ ನಡುವೆ ಕೂರುವ ಹಾಗೆ ಬಾಗಿದ ಆಕಾರದ ಒಂದು ನೀಲಿ ಐಸ್ ಪ್ಯಾಕ್. ಬೆಲೆ ಸಾವಿರದ ಐನೂರರ ಆಸುಪಾಸು. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಬ್ಯಾಗ್ ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಬಣ್ಣ ಬೇರೆ, ಹೊಲಿಗೆ ಒಂದೇ. ಜೊತೆಗೆ ಹಾಲು ಫ್ರೀಜ್ ಮಾಡುವ ಪೌಚ್‌ಗಳ ಒಂದು ಕಟ್ಟೂ ತಗೊಂಡಿದ್ದೆ, ಅದರ ವಿಷಯ ಆಮೇಲೆ.

ನನ್ನ ಕೆಲಸ ಬಸವನ ಬಾಗೇವಾಡಿಯಲ್ಲಿ, ಬ್ಯಾಂಕಿನಲ್ಲಿ. ಮನೆ ವಿಜಯಪುರ. 26 ವಾರದ ರಜೆ ಮುಗಿದಾಗ ಕೂಸಿಗೆ ಮೇಲಿನ ಊಟ ಶುರುವಾಗಿತ್ತು, ಆದರೂ ಹಾಲು ಬೇಕೇ ಬೇಕು. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ನಾನು ಬ್ರಾಂಚಿನ ರೆಕಾರ್ಡ್ ರೂಮಿನಲ್ಲಿ ಹಳೇ ಲೆಡ್ಜರ್‌ಗಳ ನಡುವೆ ಕೂತು ಪಂಪ್ ಮಾಡುತ್ತೇನೆ, ಒಮ್ಮೆ ಹನ್ನೊಂದೂವರೆಗೆ, ಒಮ್ಮೆ ಮೂರು ಗಂಟೆಗೆ. ಮನೆ ಮುಟ್ಟುವುದು ಸಂಜೆ ಆರೂವರೆ. ಅಂದರೆ ಮೊದಲ ಬಾಟಲಿಯ ಹಾಲು ಏಳು ಗಂಟೆ ಹೊರಗಿರುತ್ತದೆ. ಅದೂ ಏಪ್ರಿಲ್‌ನಲ್ಲಿ, ಹೊರಗೆ ನಲವತ್ತು ಡಿಗ್ರಿ ಇರುವಾಗ. ಬಸ್ಸಿನ ಕಿಟಕಿಯಿಂದ ಒಳಗೆ ಬರುವ ಗಾಳಿಯೂ ಬೆಂಕಿಯೇ.

ಈಗ ಡಬ್ಬಿ ಮೇಲಿನ ಮಾತಿಗೆ ಬರೋಣ. ಎರಡು ಮಾತು ದೊಡ್ಡ ಅಕ್ಷರದಲ್ಲಿವೆ. ಒಂದು, ಹಾಲನ್ನು ಬ್ಯಾಕ್ಟೀರಿಯಾ ಇಲ್ಲದಂತೆ ಇಡುತ್ತದೆ ಅಂತ. ಎರಡನೆಯದು, 24 ಗಂಟೆ ಫ್ರೆಶ್ ಅಂತ.

ಮೊದಲನೆಯದನ್ನು ಓದಿ ನಗು ಬಂತು. ಎದೆಹಾಲಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಇರಬೇಕು ಕೂಡ. ಆರೋಗ್ಯವಾಗಿರುವ ತಾಯಿಯ ಹಾಲಿನಲ್ಲೂ ಸ್ಟ್ಯಾಫಿಲೋಕಾಕಸ್, ಸ್ಟ್ರೆಪ್ಟೋಕಾಕಸ್ ಜಾತಿಯವು ಸಾಮಾನ್ಯ, ಕೆಲವರಲ್ಲಿ ಬಿಫಿಡೋಬ್ಯಾಕ್ಟೀರಿಯಾ, ಲ್ಯಾಕ್ಟೋಬ್ಯಾಸಿಲಸ್ ಕೂಡ ಸಿಗುತ್ತವೆ. ತಾಯಿಯ ಚರ್ಮದಿಂದ, ಮಗುವಿನ ಬಾಯಿಂದ ಬಂದವು ಬಹಳ. ಇವು ಮಗುವಿನ ಹೊಟ್ಟೆಗೆ ಹೋಗಿ ಅಲ್ಲಿ ನೆಲೆ ಮಾಡುತ್ತವೆ. 2017ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ತಾಯಿ-ಮಕ್ಕಳ ಜೋಡಿಗಳನ್ನು ನೋಡಿದ ಒಂದು ಅಧ್ಯಯನ ಬಂತು. ಮುಖ್ಯವಾಗಿ ತಾಯಿ ಹಾಲನ್ನೇ ಕುಡಿಯುವ ಕೂಸುಗಳಲ್ಲಿ, ಮೊದಲ ತಿಂಗಳು ಹೊಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾದಲ್ಲಿ ಸುಮಾರು ಶೇ. 28ರಷ್ಟು ಹಾಲಿನಿಂದ, ಇನ್ನು ಶೇ. 10ರಷ್ಟು ಮೊಲೆತೊಟ್ಟಿನ ಸುತ್ತಲಿನ ಚರ್ಮದಿಂದ ಬಂದಿದ್ದವಂತೆ. ಹಾಗಿರುವಾಗ ಬ್ಯಾಕ್ಟೀರಿಯಾ ಇಲ್ಲದ ಎದೆಹಾಲು ಮಾಡಿಕೊಡುತ್ತೇವೆ ಅಂತ ಬರೆಯೋದು ಹೊಗಳಿಕೆಯೋ ಬೈಗುಳವೋ ನೀವೇ ಹೇಳಿ. ಅದೂ ಅಲ್ಲದೆ ಒಂದು ಬಟ್ಟೆ ಚೀಲ ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಅದು ತಂಪು ಹಿಡಿದಿಡುತ್ತದೆ, ಅಷ್ಟೇ.

ಆ ತಂಪು ಏನು ಮಾಡುತ್ತದೆ ಅನ್ನೋದು ಮುಖ್ಯ. ನಮ್ಮ ಮನೆಯಲ್ಲಿ ಮೇ ತಿಂಗಳಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಮಧ್ಯಾಹ್ನದೊಳಗೆ ಮೊಸರು ಹುಳಿ ಹಿಡಿದಿರುತ್ತದೆ, ಡಿಸೆಂಬರ್‌ನಲ್ಲಿ ಅದೇ ಪಾತ್ರೆಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಡಬೇಕು. ತೆಗೆದಿಟ್ಟ ಎದೆಹಾಲಿನ ಲೆಕ್ಕವೂ ಹೀಗೇ ಬಿಸಿ-ತಂಪಿನದ್ದು. ಆದರೆ ಎದೆಹಾಲಿಗೆ ಒಂದು ಹೆಚ್ಚಿನ ಬಲ ಇದೆ. ಅದರಲ್ಲಿ ಲ್ಯಾಕ್ಟೋಫೆರಿನ್, ಲೈಸೋಝೈಮ್, ಐಜಿಎ ಅನ್ನುವ ಕಾವಲುಗಾರರಿದ್ದಾರೆ, ಬಿಳಿ ರಕ್ತಕಣಗಳೂ ಇವೆ. ಅದಕ್ಕೇ ಹಿಂಡಿದ ಮೊದಲ ಕೆಲವು ಗಂಟೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಪ್ಯಾಕೆಟ್ ಹಾಲಿಗೆ ಹೋಲಿಸಿ ಹೆದರುವವರು ಇದನ್ನು ಗಮನಿಸಬೇಕು.

1996ರಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರಿಗಾಗಿಯೇ ಅಂತ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಹಾಲನ್ನು 15, 25, 38 ಡಿಗ್ರಿಯಲ್ಲಿ ಇಟ್ಟು ನೋಡಿದರು. 15 ಡಿಗ್ರಿಯಲ್ಲಿ ಒಂದು ದಿನ ಇಟ್ಟರೂ ಬ್ಯಾಕ್ಟೀರಿಯಾ ಬೆಳೆದಿದ್ದು ತೀರಾ ಕಡಿಮೆ. 25ರಲ್ಲಿ ಮೊದಲ 4ರಿಂದ 8 ಗಂಟೆ ಕಡಿಮೆಯೇ ಇತ್ತು, ಆದರೂ ಅವರು ಸುರಕ್ಷಿತ ಅಂದಿದ್ದು 4 ಗಂಟೆಗೆ. 38ರಲ್ಲಿ ಸರಸರ ಏರಿತು, ಆ ಬಿಸಿಯಲ್ಲಿ ಇಡಲೇಬೇಡಿ ಅಂತ ಬರೆದರು. ಬೆಳೆದವುಗಳಲ್ಲಿ ಹೆಚ್ಚಿನವು ರೋಗ ತರುವ ಜಾತಿಯವಲ್ಲ ಅನ್ನುವುದೂ ಅದರಲ್ಲೇ ಇದೆ.

ಈಗ ನಮ್ಮೂರಿಗೆ ಬನ್ನಿ. ಡಬ್ಬಿ ಜೊತೆ ಬಂದ ಚೀಟಿಯಲ್ಲೂ, ಪೌಚ್ ಕಟ್ಟಿನ ಮೇಲೂ, ರೂಮಿನಲ್ಲಿ 4 ಗಂಟೆ ಅಂತ ಅಚ್ಚಾಗಿದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವುದೂ 4 ಗಂಟೆಯೇ, ಆದರೆ ಅದು 25 ಡಿಗ್ರಿವರೆಗಿನ ಕೋಣೆಗೆ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಯಾರ ಕೋಣೆಯಲ್ಲಿ ಫ್ಯಾನ್ ಕೆಳಗೆ 25 ಡಿಗ್ರಿ ಇರುತ್ತದೆ? ಚೀಟಿಯಲ್ಲಿ ಡಿಗ್ರಿಯನ್ನೇ ಬಿಟ್ಟು ಬರೀ ಗಂಟೆ ಬರೆದಿದ್ದಾರೆ. ನಾನು ಅರ್ಧ ಅಂಕ ಕಳೆದಿದ್ದು ಇದಕ್ಕೇ. ನಮ್ಮ ಬೇಸಿಗೆಗೆ ಹಾಲು ಹಿಂಡಿದ ತಕ್ಷಣ ತಂಪಿಗೆ ಹೋಗಬೇಕು, ಮೇಜಿನ ಮೇಲೆ ಇಟ್ಟು ಕಸ್ಟಮರ್ ನೋಡಿ ಬರುತ್ತೇನೆ ಅನ್ನೋ ಹಾಗಿಲ್ಲ.

24 ಗಂಟೆಯ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ಹೇಳಿದ್ದಾರೆ. ಐಸ್ ಪ್ಯಾಕ್ ಗಟ್ಟಿಯಾಗಿದ್ದು ಬಾಟಲಿಗೆ ತಾಗಿಕೊಂಡೇ ಇದ್ದರೆ 24 ಗಂಟೆ ಇಡಬಹುದು ಅಂತ ಸಿಡಿಸಿಯೂ ಹೇಳುತ್ತದೆ. ಐಸ್ ಕರಗಿದ ಮೇಲೆ ಆ ಲೆಕ್ಕ ಮುಗಿಯಿತು. ಅಡುಗೆಮನೆಯ ಥರ್ಮಾಮೀಟರ್ ಒಳಗಿಟ್ಟು ನೋಡಿದೆ. ಜೊತೆಗೆ ಬಂದ ಒಂದೇ ಐಸ್ ಪ್ಯಾಕ್ ಹಾಕಿ ಬೆಳಿಗ್ಗೆ ಎಂಟಕ್ಕೆ ಹೊರಟರೆ, ಸಂಜೆ ಮನೆಗೆ ಬರುವಷ್ಟರಲ್ಲಿ ಒಳಗೆ 19-20 ಡಿಗ್ರಿ. ಜನವರಿಯಲ್ಲಾದರೆ ನಡೆಯುತ್ತಿತ್ತೇನೋ, ಏಪ್ರಿಲ್‌ಗೆ ಇದು ಸಾಲದು. ಎರಡನೇ ಐಸ್ ಪ್ಯಾಕ್ ಬೇರೆ ಕೊಂಡು ಮೇಲಿಂದ ಅಡ್ಡ ಹಾಕಿದ ಮೇಲೆ ಸಂಜೆಗೂ 11-12ರ ಹತ್ತಿರ ನಿಂತಿತು. ಹಾಗಾಗಿ ಬ್ಯಾಗಿನ ತಪ್ಪಿಲ್ಲ. ನಾಲ್ಕು ಬಾಟಲಿಗೆ ಒಂದೇ ಐಸ್ ಕೊಟ್ಟಿದ್ದು ಕಂಪನಿಯ ಜಿಪುಣತನ.

ಇನ್ನೊಂದು ವಿಷಯ ಯಾವ ಚೀಟಿಯಲ್ಲೂ ಇಲ್ಲ. ಆಗಷ್ಟೇ ಹಿಂಡಿದ ಹಾಲು ಮೈ ಬಿಸಿಯಲ್ಲಿರುತ್ತದೆ. ಅದನ್ನು ಬೆಳಗಿನ ತಂಪು ಹಾಲಿನ ಬಾಟಲಿಗೇ ಸುರಿದರೆ ಎರಡೂ ಬೆಚ್ಚಗಾಗುತ್ತವೆ. ಬೇರೆ ಬಾಟಲಿಯಲ್ಲಿ ತಂಪು ಮಾಡಿ ಆಮೇಲೆ ಸೇರಿಸಬೇಕು. ನಾಲ್ಕು ಬಾಟಲಿ ಕೊಟ್ಟಿದ್ದು ಇದಕ್ಕೆ ಉಪಯೋಗವಾಯಿತು ನೋಡಿ. ಬ್ರಾಂಚಿನ ಫ್ರಿಜ್ ಬಗ್ಗೆ ಕೇಳಬೇಡಿ, ಅದರಲ್ಲಿ ಮೊಸರು, ಶೇಂಗಾ ಹಿಂಡಿ, ಯಾರದೋ ಇನ್ಸುಲಿನ್ ಎಲ್ಲ ಇದೆ, ಬಾಗಿಲು ದಿನಕ್ಕೆ ನೂರು ಸಲ ತೆರೆಯುತ್ತದೆ. ಐಸ್ ಪ್ಯಾಕನ್ನು ಅದರ ಫ್ರೀಜರಿಗೆ ಸೇರಿಸಿ ಹಾಲನ್ನು ಬ್ಯಾಗಿನಲ್ಲೇ ಇಡೋಣ ಅಂತ ಯೋಚಿಸುವವರಿಗೆ ಹೇಳುತ್ತೇನೆ, ಬೇಡ. ಮುಚ್ಚಿದ ಬ್ಯಾಗಿನಲ್ಲಿ ಎರಡು ಐಸ್ ಇರುವುದೇ ಅದಕ್ಕಿಂತ ಮೇಲು.

ದೂರು ಇನ್ನೂ ಇವೆ. ಬಾಟಲಿ ಮುಚ್ಚಳ ಸೋರುತ್ತದೆ. ಬಾಗೇವಾಡಿ ದಾರಿಯಲ್ಲಿ ಬಸ್ ಹೇಗೆ ಕುಣಿಯುತ್ತದೆ ಅಂತ ಹೋದವರಿಗೆ ಗೊತ್ತು, ಬ್ಯಾಗ್ ತೊಡೆ ಮೇಲೆ ನೆಟ್ಟಗೆ ಹಿಡಿದುಕೊಂಡೇ ಕೂತಿದ್ದರೂ ಒಂದು ದಿನ ಅರ್ಧ ಬಾಟಲಿ ಒಳಗಿನ ಹಾಳೆ ಮೇಲೆ ಹರಿದಿತ್ತು. ಎದೆಹಾಲು ಚೆಲ್ಲಿದರೆ ಎಷ್ಟು ಸಂಕಟ ಆಗುತ್ತದೆ ಅಂತ ಹಿಂಡಿದವರಿಗೇ ಗೊತ್ತು, ಆ ದಿನ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು ಏನವ್ವ ಯಾಕ ಅಳಾಕತ್ತಿ ಅಂತ ಕೇಳಿದರು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಆ ಹಾಳೆಯ ಹೊಲಿಗೆ ಸಂದಿಗೆ ಹೋದ ಹಾಲನ್ನು ತೊಳೆಯೋದಕ್ಕೇ ಆಗುವುದಿಲ್ಲ. ಒಳಪದರ ಬಿಚ್ಚಿ ಬರುವುದಿಲ್ಲ. ಮರುದಿನ ಹುಳಿ ವಾಸನೆ. ಬ್ಯಾಕ್ಟೀರಿಯಾ ಇಲ್ಲ ಅಂತ ಬರೆದವರು ತಮ್ಮ ಬ್ಯಾಗನ್ನೇ ತೊಳೆಯಲು ಬರುವಂತೆ ಹೊಲಿದಿಲ್ಲ. ಇದಕ್ಕೆ ಪೂರ್ತಿ ಒಂದು ಅಂಕ ಹೋಯಿತು.

ತೊಳೆಯುವ ಮಾತು ಬಂತಲ್ಲ, ಈ ಬರಹದಲ್ಲಿ ಒಂದೇ ಒಂದು ಪ್ಯಾರಾ ಓದುತ್ತೀರಿ ಅಂದರೆ ಇದನ್ನು ಓದಿ. ಹಾಲಿಗೆ ಬೇಡದ ಬ್ಯಾಕ್ಟೀರಿಯಾ ಬಂದು ಸೇರುವುದು ಬಹಳ ಸಲ ಪಂಪಿನಿಂದ. ಕೆಲವು ತಾಯಂದಿರ ಹಾಲನ್ನು ಒಮ್ಮೆ ಅವರ ಸ್ವಂತ ಪಂಪಿನಿಂದ, ಒಮ್ಮೆ ಸ್ಟೆರೈಲ್ ಮಾಡಿದ ಕಿಟ್‌ನಿಂದ ತೆಗೆದು ಹೋಲಿಸಿದ ಒಂದು ಅಧ್ಯಯನದಲ್ಲಿ, ಸ್ವಂತ ಪಂಪಿನ ಹಾಲಿನಲ್ಲಿ ಬದುಕಿದ್ದ ಬ್ಯಾಕ್ಟೀರಿಯಾ ಜಾಸ್ತಿ ಇತ್ತು. ಕೆನಡಾದಲ್ಲಿ 393 ತಾಯಿ-ಮಕ್ಕಳನ್ನು ನೋಡಿದ ಇನ್ನೊಂದು ಅಧ್ಯಯನ 2019ರಲ್ಲಿ ಬಂತು. ನೇರ ಎದೆಯಿಂದ ಕುಡಿಸುವವರ ಹಾಲಿಗೂ ಪಂಪ್ ಮಾಡಿ ಕುಡಿಸುವವರ ಹಾಲಿಗೂ ಬ್ಯಾಕ್ಟೀರಿಯಾದಲ್ಲಿ ವ್ಯತ್ಯಾಸ ಕಂಡಿತು. ಪಂಪಿನವರಲ್ಲಿ ಬಿಫಿಡೋಬ್ಯಾಕ್ಟೀರಿಯಾ ಕಡಿಮೆ. ಮಗುವಿನ ಬಾಯಿ ಎದೆಗೆ ತಾಗದಿರುವುದೂ ಇದಕ್ಕೆ ಒಂದು ಕಾರಣ ಇರಬಹುದು ಅಂತಾರೆ. ಹಾಗಂತ ಪಂಪ್ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ, ನಮಗೆ ಬೇರೆ ದಾರಿ ಎಲ್ಲಿದೆ? ಮನೆಯಲ್ಲಿದ್ದಾಗ, ರಾತ್ರಿ, ಭಾನುವಾರ, ನೇರವಾಗಿಯೇ ಕುಡಿಸುತ್ತೇನೆ. ಆಫೀಸಿನಲ್ಲಿ ಪಂಪನ್ನು ಪ್ರತಿ ಸಲ ತೊಳೆಯುತ್ತೇನೆ. ಅಲ್ಲಿನ ಬೋರ್ ನೀರು ಸವಳು, ಒಣಗಿದರೆ ಬಿಳಿ ಕಲೆ ಬೀಳುತ್ತದೆ, ಅದಕ್ಕೆ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಾಡುತ್ತೇನೆ. ಸಿಂಕಿನಲ್ಲಿ ನೇರ ಇಡುವುದಿಲ್ಲ. ಅದಕ್ಕೇ ಅಂತ ಒಂದು ಸಣ್ಣ ಪ್ಲಾಸ್ಟಿಕ್ ಬುಟ್ಟಿ, ಒಂದು ಬ್ರಶ್ ಬೇರೆ ಇಟ್ಟಿದ್ದೇನೆ. ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಬೇಕು. ಗಂಟೆಗಟ್ಟಲೆ ಸೋಪಿನ ನೀರಲ್ಲಿ ನೆನೆಹಾಕಿ ಇಡಬಾರದು. 2016ರಲ್ಲಿ ಅಮೆರಿಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸೊಂದಕ್ಕೆ ಕ್ರೋನೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿದಾಗ, ಅದೇ ಬ್ಯಾಕ್ಟೀರಿಯಾ ಪಂಪಿನ ಭಾಗಗಳಲ್ಲೂ ಸಿಕ್ಕಿತ್ತು. ಆ ಮನೆಯಲ್ಲಿ ಭಾಗಗಳನ್ನು ಸೋಪಿನ ನೀರಿನಲ್ಲಿ ನೆನೆಯಲು ಬಿಟ್ಟು, ಉಜ್ಜದೆ ಬರೀ ಜಾಲಾಡಿ ಇಡುತ್ತಿದ್ದರಂತೆ. ಸಿಡಿಸಿ ಪಂಪ್ ತೊಳೆಯುವ ಸೂಚನೆ ಬರೆದಿದ್ದೇ ಇದಾದ ಮೇಲೆ, 2017ರಲ್ಲಿ.

ಮನೆಗೆ ಬಂದ ಮೇಲೆ ಹಾಲು ಫ್ರಿಜ್ಜಿಗೆ ಹೋಗುತ್ತದೆ, ಬಾಗಿಲಿಗಲ್ಲ, ಒಳಗೆ ಹಿಂದುಗಡೆಗೆ. 4 ಡಿಗ್ರಿಯಲ್ಲಿ 4 ದಿನ ಅನ್ನುವುದು ಈಗಿನ ಲೆಕ್ಕ. ಆ ನಾಲ್ಕು ದಿನದಲ್ಲಿ ಒಳಗೆ ಏನಾಗುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ದಿನ ಕಳೆದಂತೆ ಬ್ಯಾಕ್ಟೀರಿಯಾ ಏರುತ್ತಲೇ ಹೋಗುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? 2010ರಲ್ಲಿ ಬಂದ ಅಧ್ಯಯನದಲ್ಲಿ 96 ಗಂಟೆ ಫ್ರಿಜ್ಜಿನಲ್ಲಿಟ್ಟ ಹಾಲಿನಲ್ಲಿ ಒಟ್ಟು ಬ್ಯಾಕ್ಟೀರಿಯಾ ಹೆಚ್ಚಾಗಲೇ ಇಲ್ಲ. ಗ್ರಾಮ್ ಪಾಸಿಟಿವ್ ಅನ್ನುವ ಗುಂಪಿನವು, ಅಂದರೆ ಸ್ಟ್ಯಾಫಿಲೋಕಾಕಸ್‌ನಂಥವು, ಇನ್ನೂ ಕಡಿಮೆಯಾಗಿದ್ದವು. ಐಜಿಎ, ಲ್ಯಾಕ್ಟೋಫೆರಿನ್ ಇದ್ದ ಹಾಗೇ ಇದ್ದವು. ಬಿಳಿ ರಕ್ತಕಣ, ಒಟ್ಟು ಪ್ರೊಟೀನ್ ಮಾತ್ರ ಇಳಿದವು, ಹಾಲು ಸ್ವಲ್ಪ ಹುಳಿಯ ಕಡೆಗೆ ವಾಲಿತು. ಕೊಬ್ಬು ಒಡೆದು ಫ್ಯಾಟಿ ಆಸಿಡ್ ಬಿಟ್ಟಿದ್ದೇ ಇದಕ್ಕೆ ಮುಖ್ಯ ಕಾರಣ.

ಇದೇ ಕೊಬ್ಬು ಒಡೆಯುವುದರಿಂದ ಕೆಲವರ ಹಾಲಿಗೆ ಸೋಪಿನಂಥ ವಾಸನೆ ಬರುತ್ತದೆ. ಹಾಲಿನಲ್ಲಿರುವ ಲೈಪೇಸ್ ಅನ್ನುವ ಕಿಣ್ವ ಮಾಡುವ ಕೆಲಸ ಅದು, ಹಾಲು ಕೆಟ್ಟಿದೆ ಅಂತ ಅರ್ಥ ಅಲ್ಲ. ಮಗು ಕುಡಿದರೆ ಕೊಡಬಹುದು. ನಿಜವಾಗಿ ಕೆಟ್ಟ ಹಾಲಿನ ಹುಳಿ ನಾತ ಬೇರೆ, ಮೂಗಿಗೆ ತಕ್ಷಣ ಗೊತ್ತಾಗುತ್ತದೆ. ಮೇಲೆ ಕೆನೆ ನಿಂತರೂ ಗಾಬರಿ ಬೇಡ, ಮೆಲ್ಲಗೆ ಬಾಟಲಿ ತಿರುಗಿಸಿದರೆ ಕೂಡಿಕೊಳ್ಳುತ್ತದೆ.

ಪೌಚ್‌ಗಳ ಬಗ್ಗೆ ಎರಡು ಮಾತು. ಜಿಪ್ ಗಟ್ಟಿಯಿದೆ, ತಾರೀಖು ಬರೆಯಲು ಜಾಗ ಇದೆ, ಮಲಗಿಸಿ ಫ್ರೀಜ್ ಮಾಡಿದರೆ ತೆಳ್ಳಗೆ ಹಾಳೆಯಂತಾಗಿ ಜಾಗ ಉಳಿಯುತ್ತದೆ. ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟಿದಾಗ ಹಾಲು ಉಬ್ಬುತ್ತದೆ. ಇಷ್ಟಕ್ಕೆ ಚೆನ್ನಾಗಿವೆ. ಇದರ ಮೇಲೂ ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಅನ್ನುವ ಅರ್ಥದ ಮಾತಿದೆ, ಅದೂ ಸರಿಯಲ್ಲ. ಸ್ಪೇನ್‌ನ ಸಂಶೋಧಕರು ಹಾಲನ್ನು ಮೈನಸ್ 20 ಡಿಗ್ರಿಯಲ್ಲಿ 6 ವಾರ ಇಟ್ಟು ನೋಡಿದಾಗ ಬ್ಯಾಕ್ಟೀರಿಯಾದ ಎಣಿಕೆಯೂ ಜಾತಿಯೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಅವು ಮಲಗಿರುತ್ತವೆ, ಕರಗಿಸಿದರೆ ಏಳುತ್ತವೆ. ಒಳ್ಳೆಯವೂ ಉಳಿಯುತ್ತವೆ, ಕೊಳಕು ಪಂಪಿನಿಂದ ಬಂದವೂ ಉಳಿಯುತ್ತವೆ. ಹಾಗಾಗಿ ಕರಗಿಸಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು. ಬಿಸಿ ಮಾಡಿದ ಮೇಲೆ ಅಥವಾ ಮಗು ಬಾಯಿಟ್ಟ ಮೇಲೆ ಎರಡು ಗಂಟೆ, ಆಮೇಲೆ ಚೆಲ್ಲಬೇಕು. ಮನಸ್ಸು ಬರುವುದಿಲ್ಲ, ಆದರೂ.

6 ತಿಂಗಳು ಇಡಬಹುದು ಅಂತ ಪೌಚ್ ಮೇಲಿರುವುದು ಮೈನಸ್ 18ರ ಫ್ರೀಜರಿಗೆ. ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಸಿಂಗಲ್ ಡೋರ್ ಫ್ರಿಜ್, ಒಳಗೇ ಒಂದು ಸಣ್ಣ ಐಸ್ ಗೂಡು. ಅದಕ್ಕೆ ಆ ಲೆಕ್ಕ ಹಾಕಬೇಡಿ, ನಾನು ಎರಡು ವಾರಕ್ಕಿಂತ ಜಾಸ್ತಿ ಇಡುವುದಿಲ್ಲ. ಮೇಲೆ ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ. ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಫ್ರೀಜರಿನ ಪೌಚ್‌ನಲ್ಲಿ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು, ಪೂರ್ತಿ ನೀರಾಗಿದ್ದರೆ ಬೇಡ.

ಇನ್ನು ಅತ್ತೆಯ ವಿಷಯ. ಮೊದಲ ದಿನ ಬಾಟಲಿ ನೋಡಿ ಅವರು ಕೇಳಿದ್ದು, "ತಂಗಳ ಹಾಲು ಕೂಸಿಗೆ ಹಾಕ್ತಿಯೇನವ್ವಾ? ಹಾಕೋದಾದ್ರ ಕಾಯ್ಸಿಯಾದ್ರೂ ಹಾಕು." ಅವರ ಮಾತಲ್ಲಿ ತಪ್ಪೇನಿಲ್ಲ, ಎಮ್ಮೆ ಹಾಲು ಕಾಯಿಸದೆ ಯಾರು ಕೊಡುತ್ತಾರೆ? ಆದರೆ ಎದೆಹಾಲು ಕುದಿಸಿದರೆ ಒಳ್ಳೆಯ ಬ್ಯಾಕ್ಟೀರಿಯಾ, ಲ್ಯಾಕ್ಟೋಫೆರಿನ್, ಐಜಿಎ ಎಲ್ಲ ಹೋಗುತ್ತವೆ. ಮಿಲ್ಕ್ ಬ್ಯಾಂಕ್‌ಗಳಲ್ಲಿ 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ ನಿಜ. 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ನಮ್ಮ ದೇಶದ ಮೊದಲ ಮಿಲ್ಕ್ ಬ್ಯಾಂಕ್ ಶುರುವಾಯಿತು. ಅಲ್ಲಿ ಬರುವುದು ಬೇರೆ ತಾಯಂದಿರ ಹಾಲು, ಕುಡಿಯುವುದು ತೀರಾ ನಾಜೂಕಿನ ಕೂಸುಗಳು, ಅದಕ್ಕೆ ಅದು ಬೇಕು. ಸ್ವಂತ ತಾಯಿಯ ಹಾಲು ಆರೋಗ್ಯವಾಗಿರುವ ಸ್ವಂತ ಮಗುವಿಗೆ ಅಂದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿದರೆ ಸಾಕು. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ತಂಪು ಒಂದು ಕಡೆ ಕುದಿಯುವಷ್ಟು ಬಿಸಿ ಆಗಿ ಬಾಯಿ ಸುಡುತ್ತದೆ. ಈಗ ಅತ್ತೆಯೇ ಬಟ್ಟಲಿನ ನೀರಿಗೆ ಕೈ ಅದ್ದಿ ನೋಡಿ, ಚಮಚದಲ್ಲಿ ಕುಡಿಸುತ್ತಾರೆ. ಪಕ್ಕದ ಮನೆಯವರಿಗೆ ಕಾಯಿಸಬ್ಯಾಡ್ರಿ ಅಂತ ಬುದ್ಧಿ ಹೇಳಿದ್ದನ್ನೂ ಕೇಳಿಸಿಕೊಂಡೆ.

ಅವಧಿಗೆ ಮುಂಚೆ ಹುಟ್ಟಿದ ಮಗು, ಆಸ್ಪತ್ರೆಯಲ್ಲಿರುವ ಮಗು ಅಂದರೆ ಇಲ್ಲಿ ಬರೆದ ಗಂಟೆ-ದಿನದ ಲೆಕ್ಕ ಹಿಡಿಯಬೇಡಿ. ಅಲ್ಲಿಯ ಡಾಕ್ಟರ್, ನರ್ಸ್ ಹೇಳಿದ್ದೇ ಸರಿ, ಅವರ ಲೆಕ್ಕ ಇನ್ನೂ ಬಿಗಿ.

ಯಾರು ಕೊಳ್ಳಬಹುದು? ಬಸ್ಸಿನಲ್ಲಿ ಓಡಾಡುವವರು, ಆಫೀಸಿನಲ್ಲಿ ಸರಿಯಾದ ಫ್ರಿಜ್ ಇಲ್ಲದವರು ಕೊಳ್ಳಿ. ಆಫೀಸು ಮನೆ ಹತ್ತಿರವೇ ಇದ್ದು ಮಧ್ಯಾಹ್ನ ಬಂದು ಕುಡಿಸಿ ಹೋಗಬಹುದಾದರೆ ಈ ದುಡ್ಡು ದಂಡ. ನನ್ನ ಗೆಳತಿಯೊಬ್ಬಳು ಇಂಡಿಗೆ ಹೋಗುತ್ತಾಳೆ. ಅವಳು ಅಗಲ ಬಾಯಿಯ ಸ್ಟೀಲ್ ಥರ್ಮಾಸಿನಲ್ಲಿ ಐಸ್ ತುಂಡು ತುಂಬಿ, ಪೌಚ್ ಅದರಲ್ಲಿ ಮುಳುಗಿಸಿ ತರುತ್ತಾಳೆ. ತಂಪು ನನ್ನ ಬ್ಯಾಗಿಗಿಂತ ಚೆನ್ನಾಗಿ ನಿಲ್ಲುತ್ತದೆ, ತೊಳೆಯುವುದೂ ಸಲೀಸು. ಆದರೆ ಒಂದೇ ಪೌಚ್ ಹಿಡಿಯುತ್ತದೆ.

ಅಂಗಡಿಯಲ್ಲಿ ನೋಡಿ ಕೊಳ್ಳುವುದಾದರೆ, ಬಾಟಲಿಗೆ ನೀರು ತುಂಬಿಸಿ ತಲೆಕೆಳಗೆ ಹಿಡಿದು ನೋಡಿ. ಒಳಪದರ ಬಿಚ್ಚಿ ತೊಳೆಯಲು ಬರುತ್ತದೆಯಾ ಕೇಳಿ. ಅದೇ ಅಳತೆಯ ಐಸ್ ಪ್ಯಾಕ್ ಬಿಡಿಯಾಗಿ ಸಿಗುತ್ತದೆಯಾ ಅಂತಲೂ ಕೇಳಿ, ಸಿಕ್ಕರೆ ಅಲ್ಲೇ ಒಂದು ಜಾಸ್ತಿ ತಗೊಳ್ಳಿ. ನಾನು ಎರಡನೆಯದನ್ನು ಇಂಜೆಕ್ಷನ್ ಔಷಧಿ ಇಡುವ ಮೆಡಿಕಲ್ ಅಂಗಡಿಯಲ್ಲಿ ಕೊಂಡೆ, ಬ್ಯಾಗಿನ ಕಂಪನಿಯದ್ದಕ್ಕಿಂತ ಅಗ್ಗ, ಕರಗುವುದೂ ನಿಧಾನ.